ಪೆಡಲ್ ಸ್ಟೀಲ್ ಗಿಟಾರ್: ಬಲಗೈ ನೋಡಿ, ಬಲಗಾಲು ಕೇಳಿ

ಪ್ರಶ್ನೆ: ನಾನು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕೆಲಸದಲ್ಲಿದ್ದೇನೆ. ಊರಲ್ಲಿದ್ದಾಗ ಕೆಲವು ವರ್ಷ ವೀಣೆ ಕಲಿತಿದ್ದೆ. ಇಲ್ಲಿನ ಸ್ನೇಹಿತರು ಆಗಾಗ ಹಳೇ ಶೈಲಿಯ ಕಂಟ್ರಿ ಸಂಗೀತ ಕೇಳಲು ಡ್ಯಾನ್ಸ್ ಹಾಲ್‌ಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಒಬ್ಬ ಹಿರಿಯರು ನಾಲ್ಕು ಕಾಲಿನ ಮೇಜಿನಂಥ ವಾದ್ಯದ ಮುಂದೆ ಕೂತು ನುಡಿಸುತ್ತಾರೆ. ಪೆಡಲ್ ಸ್ಟೀಲ್ ಗಿಟಾರ್ ಅಂತೆ. ಅವರು ತಲೆ ಎತ್ತುವುದೇ ಇಲ್ಲ. ದೊಡ್ಡ ಓಟಗಳನ್ನೂ ನುಡಿಸುವುದಿಲ್ಲ. ಆದರೂ ನಾಲ್ಕು ಸ್ವರ ಬಂದ ಕೂಡಲೇ ಗೊತ್ತಿರುವವರೆಲ್ಲ ತಲೆದೂಗುತ್ತಾರೆ. ನನಗೂ ಇಷ್ಟವಾಗುತ್ತದೆ, ಯಾಕೆ ಅಂತ ಮಾತ್ರ ಹಿಡಿಯಲಾಗುತ್ತಿಲ್ಲ. ಏನನ್ನು ಗಮನಿಸಬೇಕು?

ಉತ್ತರ: ಮುಂದಿನ ಸಲ ಹೋದಾಗ ಅವರ ಎಡಗೈ ನೋಡುವುದನ್ನು ಬಿಟ್ಟು ಬಲಗೈ ನೋಡಿ. ಎಡಗೈಯಲ್ಲಿ ಉಕ್ಕಿನ ಬಾರ್ ಹಿಡಿದು ತಂತಿಗಳ ಮೇಲೆ ಜಾರಿಸುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಚೆನ್ನಾಗಿಯೂ ಇರುತ್ತದೆ. ಆದರೆ ಜಾರಿಸುವುದನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಬೇಡದ ಕಡೆ ಜಾರು ಕೇಳಿಸದ ಹಾಗೆ ನೋಡಿಕೊಳ್ಳುವುದಕ್ಕೆ ವರ್ಷಗಳು ಬೇಕು. ನಿಮ್ಮ ಪಕ್ಕದವರು ತಲೆದೂಗುವುದು ಬಹುಪಾಲು ಅದಕ್ಕೇ.

ಮೊದಲು ವಾದ್ಯದ ವಿಷಯ ಹೇಳಿಬಿಡುತ್ತೇನೆ. ಇದರಲ್ಲಿ ಸಾಮಾನ್ಯವಾಗಿ 10 ತಂತಿ. ವೀಣೆಗಿರುವಂಥ ಮೆಟ್ಟುಗಳಿಲ್ಲ, ಹಲಗೆಯ ಮೇಲೆ ಗೆರೆ ಮಾತ್ರ. ಬಲಗೈ ಹೆಬ್ಬೆರಳಿಗೂ ಇನ್ನೆರಡು ಬೆರಳಿಗೂ ಪಿಕ್, ಅಂದರೆ ಮೀಟಲು ಹಾಕಿಕೊಳ್ಳುವ ಉಗುರು. ಎಡಗಾಲಿನ ಕೆಳಗೆ ಮೂರು ಪೆಡಲ್. ಎರಡೂ ಮೊಣಕಾಲಿನ ಅಕ್ಕಪಕ್ಕ ನಾಲ್ಕೋ ಐದೋ ಲಿವರ್, ಮೊಣಕಾಲನ್ನು ಆಚೆ ಈಚೆ ಒತ್ತಿದರೆ ಅವು ಕೆಲಸ ಮಾಡುತ್ತವೆ. ಬಲಗಾಲಿನ ಕೆಳಗೆ ವಾಲ್ಯೂಮ್ ಪೆಡಲ್. ಅಂದರೆ ಎರಡು ಕೈ, ಎರಡು ಪಾದ, ಎರಡು ಮೊಣಕಾಲು, ಎಲ್ಲಕ್ಕೂ ಒಂದೇ ಹೊತ್ತಿಗೆ ಬೇರೆ ಬೇರೆ ಕೆಲಸ. ಅವರು ತಲೆ ಎತ್ತದಿರುವುದಕ್ಕೆ ಕಾರಣ ಗೊತ್ತಾಯಿತಲ್ಲ? ಜಂಬವೇನೂ ಅಲ್ಲ.

ಪೆಡಲ್ ಒತ್ತಿದರೆ ಏನಾಗುತ್ತದೆ ಅನ್ನುವುದು ವೀಣೆ ಗೊತ್ತಿರುವ ನಿಮಗೆ ಬೇಗ ತಿಳಿಯುತ್ತದೆ. ಕಂಟ್ರಿಯವರು ಬಳಸುವ ಶ್ರುತಿಜೋಡಣೆಗೆ ಇ-ನೈನ್ತ್ ಅನ್ನುತ್ತಾರೆ. ಇ ಸ್ವರವನ್ನು ಷಡ್ಜ ಅಂದುಕೊಳ್ಳಿ. ಮುಖ್ಯ ತಂತಿಗಳು ಸ, ಗ, ಪ. ಮೊದಲ ಪೆಡಲ್ ಒತ್ತಿದರೆ ಪಂಚಮದ ತಂತಿ ಬಿಗಿಯಾಗಿ ಧೈವತಕ್ಕೆ ಏರುತ್ತದೆ. ಎರಡನೆಯದು ಗಾಂಧಾರವನ್ನು ಶುದ್ಧ ಮಧ್ಯಮಕ್ಕೆ ಏರಿಸುತ್ತದೆ. ಷಡ್ಜ ಅಲ್ಲಾಡುವುದಿಲ್ಲ. ಹಾಗಾಗಿ ಎರಡನ್ನೂ ಒತ್ತಿದರೆ ಸ-ಗ-ಪ ಹೋಗಿ ಸ-ಮ-ದ ಆಗುತ್ತದೆ. ಬಾರ್ ಕೂದಲೆಳೆಯಷ್ಟೂ ಸರಿದಿಲ್ಲ, ಆದರೆ ಇದ್ದ ಸ್ವರಗುಚ್ಛ ಹೋಗಿ ಇನ್ನೊಂದು ಬಂದಾಯಿತು. ನೀವು ವೀಣೆಯಲ್ಲಿ ಒಂದೇ ಮೆಟ್ಟಿನ ಮೇಲೆ ತಂತಿ ಎಳೆದು ಮೇಲಿನ ಸ್ವರ ಹಿಡಿಯುತ್ತೀರಲ್ಲ, ಆ ಎಳೆತವನ್ನು ಇಲ್ಲಿ ಕಾಲು ಮಾಡುತ್ತದೆ. ಪಕ್ಕದ ತಂತಿಗಳು ತಮ್ಮ ಪಾಡಿಗೆ ನುಡಿಯುತ್ತಲೇ ಇರುತ್ತವೆ.

ಈ ತಂತ್ರ ಜನರ ಕಿವಿಗೆ ಬಿದ್ದದ್ದು ವೆಬ್ ಪಿಯರ್ಸ್ ಹಾಡಿದ ‘ಸ್ಲೋಲಿ’ಯಿಂದ. 1954ರಲ್ಲಿ ಅದು ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಸ್ಟೀಲ್ ನುಡಿಸಿದವರು ಬಡ್ ಐಸಾಕ್ಸ್. ಪೆಡಲ್ ಇರುವ ಸ್ಟೀಲ್ ಅದಕ್ಕೂ ಮೊದಲೇ ಇತ್ತು. ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ 1948ರಲ್ಲೇ ಸ್ಟೀಲ್ ವಾದಕ ಸ್ಪೀಡಿ ವೆಸ್ಟ್ ಅವರಿಗೆ ಒಂದನ್ನು ಮಾಡಿಕೊಟ್ಟಿದ್ದರು. ಆದರೆ ಪೆಡಲ್ ಅಂದರೆ ಬಹುತೇಕರಿಗೆ ಶ್ರುತಿ ಬದಲಿಸುವ ಒಂದು ಅನುಕೂಲ ಅಷ್ಟೇ. ಐಸಾಕ್ಸ್ ತಂತಿ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿದರು. ಸ್ವರಗಳು ಏರುವುದು ಕೇಳುವವರಿಗೆ ಕೇಳಿಸಿತು. ಆ ರೆಕಾರ್ಡ್ ಬಂದ ಮೇಲೆ ಸ್ಟೀಲ್ ನುಡಿಸುವವರೆಲ್ಲ ತಮ್ಮ ವಾದ್ಯಕ್ಕೆ ಪೆಡಲ್ ಹಾಕಿಸಿಕೊಳ್ಳಲು ಓಡಾಡಿದರು. ಎಲ್ಲರೂ ಅಲ್ಲ. ಜೆರ್ರಿ ಬರ್ಡ್ ಮಾತ್ರ ಕೊನೆಯವರೆಗೂ ಪೆಡಲ್ ಮುಟ್ಟಲಿಲ್ಲ. ಆಮೇಲೆ ಹವಾಯಿಗೇ ಹೋಗಿ ನೆಲೆಸಿದರು. ಅದೂ ಸರಿಯೇ, ಈ ವಾದ್ಯದ ಮೂಲ ಅಲ್ಲಿಯದು. 19ನೇ ಶತಮಾನದ ಕೊನೆಯಲ್ಲಿ ಜೋಸೆಫ್ ಕೆಕುಕು ಎಂಬ ಹುಡುಗ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಲೋಹದಿಂದ ಜಾರಿಸಿದ್ದರಿಂದ ಇದೆಲ್ಲ ಶುರುವಾಯಿತು ಅನ್ನುವುದು ಅಲ್ಲಿನವರ ಮಾತು. ಅದೇ ಹವಾಯಿಯನ್ ಗಿಟಾರ್ ಇತ್ತ ಕಲ್ಕತ್ತೆಗೂ ಬಂತು, ಬ್ರಿಜ್ ಭೂಷಣ್ ಕಾಬ್ರಾ ಅವರ ಕೈಯಲ್ಲಿ ಹಿಂದೂಸ್ತಾನಿ ನುಡಿಸಿತು. ಅದನ್ನು ಬರೆಯಲು ಹೊರಟರೆ ಬೇರೆಯದೇ ಉತ್ತರವಾಗುತ್ತದೆ.

ಈಗ ಬಲಗೈಗೆ ಬರೋಣ.

ಹತ್ತು ಲೋಹದ ತಂತಿ, ಮೇಲೆ ಭಾರದ ಬಾರ್, ಕೆಳಗೆ ತಂತಿಯ ನಾದ ಹಿಡಿಯುವ ಪಿಕಪ್, ಆಚೆ ಆಂಪ್ಲಿಫೈಯರ್. ಒಂದು ಸಲ ಮೀಟಿದರೆ ತಂತಿ ಬಹಳ ಹೊತ್ತು ನುಡಿಯುತ್ತದೆ. ಹಾಗೇ ಬಿಟ್ಟು ಬಾರ್ ಸರಿಸಿದರೆ ನಡುವಿನ ಸ್ವರಗಳೆಲ್ಲ ‘ಉಂಯ್ಯ್’ ಅಂತ ಕೇಳಿಸುತ್ತವೆ. ಒಮ್ಮೆ ಕೇಳಿದರೆ ಸೊಗಸು, ಹತ್ತು ಸಲ ಕೇಳಿದರೆ ತಲೆನೋವು. ಅದಕ್ಕೇ ಮೀಟಿದ ಮೇಲೆ ಬಲಗೈಯ ಅಂಚು, ಕಿರುಬೆರಳಿನ ಕೆಳಗಿನ ಭಾಗ, ತಂತಿಯ ಮೇಲೆ ಕೂತು ನಾದ ನಿಲ್ಲಿಸಬೇಕು. ಆ ಕ್ಷಣದಲ್ಲಿ ಬಾರ್ ಹೊಸ ಜಾಗಕ್ಕೆ ಹೋಗಬೇಕು. ಕೈ ಏಳಬೇಕು, ಮತ್ತೆ ಮೀಟಬೇಕು. ಇದಕ್ಕೆ ಬ್ಲಾಕಿಂಗ್ ಅನ್ನುತ್ತಾರೆ. ಅಂಗೈ ಬದಲು ಪಿಕ್ ಹಾಕಿದ ಬೆರಳಿನಿಂದಲೇ ತಂತಿ ಮುಟ್ಟಿ ನಿಲ್ಲಿಸುವವರೂ ಇದ್ದಾರೆ. ಯಾವುದು ಮೇಲು ಅಂತ ಸ್ಟೀಲ್‌ನವರು ಇವತ್ತಿಗೂ ಜಗಳವಾಡುತ್ತಾರೆ. ನನ್ನ ಕಿವಿಗೆ ನಿಧಾನದ ಹಾಡಿನಲ್ಲಿ ಅಂಗೈಯೇ ಹಿತ.

ವೇಗದ ಹಾಡಿನಲ್ಲಿ ಇದನ್ನು ಪರೀಕ್ಷೆ ಮಾಡುವುದು ಸುಲಭ. ಸ್ವರಗಳು ಒಂದೊಂದೂ ಬಿಡಿಯಾಗಿ, ಅಂಚು ಕತ್ತರಿಸಿದ ಹಾಗೆ ಬರುತ್ತಿವೆಯಾ? ಅಥವಾ ಒಂದರ ಬಾಲ ಇನ್ನೊಂದಕ್ಕೆ ಅಂಟಿಕೊಂಡಿದೆಯಾ? ರಾಲ್ಫ್ ಮೂನಿ ನುಡಿಸಿದ್ದನ್ನು ಒಮ್ಮೆ ಕೇಳಿ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಶೈಲಿಯವರು. ವಿನ್ ಸ್ಟೂವರ್ಟ್, ಬಕ್ ಓವೆನ್ಸ್, ಮರ್ಲ್ ಹ್ಯಾಗರ್ಡ್ ಎಲ್ಲರ ರೆಕಾರ್ಡ್‌ಗಳಲ್ಲೂ ಅವರ ಸ್ಟೀಲ್ ಇದೆ. ಆಮೇಲೆ ವೇಲನ್ ಜೆನ್ನಿಂಗ್ಸ್ ತಂಡದಲ್ಲಿ ವರ್ಷಗಟ್ಟಲೆ ಇದ್ದರು. ಹ್ಯಾಗರ್ಡ್ ಅವರ 1966ರ ‘ದ ಬಾಟಲ್ ಲೆಟ್ ಮಿ ಡೌನ್’ ಹಾಕಿಕೊಳ್ಳಿ. ಮೇಲಿನ ತಂತಿಗಳಲ್ಲಿ ಚುರುಕಾದ, ಗರಿಗರಿ ನಾದ. ಸ್ಟೀಲ್ ಅಂದರೆ ಅಳುಬುರುಕ ವಾದ್ಯ ಅಂದುಕೊಂಡವರಿಗೆ ಅದೇ ಉತ್ತರ. ಮೂನಿ ಹಾಡು ಬರೆದವರೂ ಹೌದು. ಚಕ್ ಸೀಲ್ಸ್ ಜೊತೆ ಸೇರಿ ಬರೆದ ‘ಕ್ರೇಜಿ ಆರ್ಮ್ಸ್’ ಅನ್ನು 1956ರಲ್ಲಿ ರೇ ಪ್ರೈಸ್ ಹಾಡಿದರು. ಅದು 20 ವಾರ ಮೊದಲ ಸ್ಥಾನದಲ್ಲಿತ್ತು.

ಬಲಗಾಲಿನದು ಇನ್ನೂ ನಾಜೂಕು. ವಾಲ್ಯೂಮ್ ಪೆಡಲ್ ಅಂದರೆ ಸದ್ದು ಹೆಚ್ಚು ಕಡಿಮೆ ಮಾಡುವುದಕ್ಕೆ ಅಂತ ಹೊಸಬರು ತಿಳಿಯುತ್ತಾರೆ. ಅಲ್ಲ. ಮೀಟುವಾಗ ಅದನ್ನು ಅರ್ಧದಷ್ಟು ಮಾತ್ರ ಒತ್ತಿರಬೇಕು. ತಂತಿಯ ನಾದ ಸಹಜವಾಗಿ ಇಳಿಯುತ್ತಾ ಬಂದ ಹಾಗೆ ಪಾದ ಅಷ್ಟಷ್ಟೇ ಕೆಳಗೆ ಹೋಗಬೇಕು. ಇಳಿದಷ್ಟನ್ನು ಕಾಲು ತುಂಬಿಕೊಡುವುದರಿಂದ ಸ್ವರ ಒಂದೇ ಮಟ್ಟದಲ್ಲಿ ನಿಂತಿದೆ ಅನಿಸುತ್ತದೆ. ಮೀಟುವ ವಾದ್ಯ ಪಿಟೀಲಿನ ಹಾಗೆ ನಾದ ಎಳೆಯುವುದು ಇದರಿಂದಲೇ. ಕಾಲು ಅವಸರ ಮಾಡಿದರೆ ಪ್ರತಿ ಸ್ವರವೂ ‘ವ್ಹಾ, ವ್ಹಾ’ ಅಂತ ಉಬ್ಬುತ್ತದೆ. ಚೆನ್ನಾಗಿ ನುಡಿಸುವವರಲ್ಲಿ ಪಾದ ಕೆಲಸ ಮಾಡುತ್ತಿದೆ ಅನ್ನುವುದೇ ಕೇಳುವವರಿಗೆ ಗೊತ್ತಾಗಬಾರದು. ಹತ್ತಿರ ಕೂತಿದ್ದರೆ ಮಾತ್ರ ಶೂ ಮೆಲ್ಲಗೆ ಬಾಗುವುದು ಕಾಣುತ್ತದೆ.

ಎಡಗೈ ನೋಡಬೇಡಿ ಅಂದೆ, ಆದರೆ ಎಡಗೈಯಿಂದ ಬರುವ ಶ್ರುತಿ ಕೇಳಲೇಬೇಕು. ಗೆರೆಯ ಮೇಲೆ ಸರಿಯಾಗಿ ಬಾರ್ ಇಟ್ಟರೆ ಆಯಿತು ಅನ್ನುವ ಹಾಗಿಲ್ಲ. ಕೂತ ಜಾಗದಿಂದ ದೂರದ ಗೆರೆಗಳು ಓರೆಯಾಗಿ ಕಾಣುತ್ತವೆ, ಕಣ್ಣು ಮೋಸ ಮಾಡುತ್ತದೆ. ಕಿವಿಯೇ ಗತಿ. ಇನ್ನೊಂದು ವಿಷಯವಿದೆ. ಪಿಯಾನೋದ ಅಂತರ ಗಾಂಧಾರ ತಂಬೂರಿಯಲ್ಲಿ ಸಹಜವಾಗಿ ಕೇಳಿಸುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. 100 ಸೆಂಟ್ ಅಂದರೆ ಒಂದು ಅರ್ಧಸ್ವರ. ತಂಬೂರಿ ಕೇಳಿ ಬೆಳೆದವರಿಗೆ ಹಾರ್ಮೋನಿಯಂ ಗಾಂಧಾರ ಚುಚ್ಚುವುದೂ ಇದಕ್ಕೇ. ಅನೇಕ ಸ್ಟೀಲ್ ವಾದಕರು ತಮ್ಮ ಗಾಂಧಾರದ ತಂತಿಯನ್ನು ಟ್ಯೂನರ್ ತೋರಿಸುವುದಕ್ಕಿಂತ ತುಸು ಇಳಿಸಿಯೇ ಇಟ್ಟುಕೊಳ್ಳುತ್ತಾರೆ. ಮೂರು ಸ್ವರ ಒಟ್ಟಿಗೆ ನುಡಿದಾಗ ಅಷ್ಟು ತಂಪಾಗಿ ಕೇಳಿಸುವುದು ಈ ಕಾರಣಕ್ಕೆ. ಹಾಗೆ ಇಳಿಸಿಟ್ಟುಕೊಂಡು ಪಕ್ಕದಲ್ಲಿರುವ ಪಿಯಾನೋದ ಜೊತೆಗೂ ಹೊಂದಿಕೊಂಡು ಹೋಗಬೇಕು. ಆ ರಾಜಿಯನ್ನು ಪ್ರತಿ ಸ್ವರಕ್ಕೂ ಬಾರ್‌ನಲ್ಲೇ ಮಾಡಬೇಕು.

ಕಂಪನವನ್ನೂ ಗಮನಿಸಿ. ಬಾರ್ ಇಟ್ಟ ತಕ್ಷಣ ಗಡಗಡ ಅಲ್ಲಾಡಿಸುವವರು ಸ್ವರ ಎಲ್ಲಿದೆ ಅಂತ ಹುಡುಕುತ್ತಿರುತ್ತಾರೆ. ಗೊತ್ತಿರುವವರು ಮೊದಲು ಸ್ವರವನ್ನು ಬೆತ್ತಲೆಯಾಗಿ ಇಡುತ್ತಾರೆ, ಅದು ನಿಂತ ಮೇಲೆ ನಿಧಾನವಾಗಿ ಬಾರ್ ಹೊರಳಿಸುತ್ತಾರೆ. ವಾದಕರನ್ನು ಅಳೆಯಲು ನಾನು ಮೊದಲು ನೋಡುವುದು ಇದನ್ನೇ.

ಇಷ್ಟು ಹೇಳಿ ಬಡಿ ಎಮನ್ಸ್ ಹೆಸರು ಹೇಳದೆ ಬಿಟ್ಟರೆ ಸ್ಟೀಲ್‌ನವರು ನನ್ನನ್ನು ಸುಮ್ನೆ ಬಿಡುವುದಿಲ್ಲ. ಅವರಿಗೆ ‘ಬಿಗ್ ಇ’ ಅನ್ನುತ್ತಿದ್ದರು. 1937ರಲ್ಲಿ ಇಂಡಿಯಾನಾದ ಮಿಶವಾಕಾದಲ್ಲಿ ಹುಟ್ಟಿದರು. 1955ರಲ್ಲಿ, 18ರ ವಯಸ್ಸಿಗೆ, ಗಾಯಕ ಲಿಟಲ್ ಜಿಮ್ಮಿ ಡಿಕನ್ಸ್ ತಂಡ ಸೇರಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ಗೆ ಬಂದರು. ಬಡ್ ಐಸಾಕ್ಸ್ ಅವರ ವಾದ್ಯದಲ್ಲಿ ಗಾಂಧಾರ, ಪಂಚಮ ಎರಡೂ ಒಂದೇ ಪೆಡಲ್‌ಗೆ ಒಟ್ಟಿಗೆ ಏರುತ್ತಿದ್ದವು. ಎಮನ್ಸ್ 1956ರಲ್ಲಿ ಅವನ್ನು ಎರಡು ಪೆಡಲ್‌ಗೆ ಬೇರೆ ಮಾಡಿದರು. ಕೇಳಲು ಸಣ್ಣ ಬದಲಾವಣೆ ಅಲ್ವಾ? ಅದರಿಂದ ಏನಾಯಿತು ನೋಡಿ.

ಹಾಡುವವರು ಜಿ ಸ್ವರಗುಚ್ಛದಲ್ಲಿ ಒಂದು ಸಾಲು ಮುಗಿಸಿದರು ಅಂದುಕೊಳ್ಳಿ. ಮುಂದಿನ ಸಾಲು ಸಿ ಯಲ್ಲಿ ಶುರುವಾಗಬೇಕು. ನಡುವೆ ಎರಡು ಮೂರು ಬೀಟ್ ಖಾಲಿ. ಸ್ಟೀಲ್‌ನವರು ಮೂರನೇ ಗೆರೆಯ ಮೇಲೆ ಬಾರ್ ಇಟ್ಟು ಎರಡೇ ತಂತಿ ಮೀಟುತ್ತಾರೆ, ಬಿ ಮತ್ತು ಡಿ, ಅಂದರೆ ಜಿ ಯನ್ನು ಷಡ್ಜ ಅಂದುಕೊಂಡರೆ ಗಾಂಧಾರ ಮತ್ತು ಪಂಚಮ. ಮೊದಲು ಒಂದು ಪೆಡಲ್ ನಿಧಾನವಾಗಿ ಕೆಳಗೆ ಹೋಗುತ್ತದೆ, ಡಿ ಸ್ವರ ಇ ಗೆ ಏರುತ್ತದೆ. ಬಿ ಇನ್ನೂ ಅಲ್ಲೇ ಕಾಯುತ್ತಿದೆ. ಆ ಹೊತ್ತಿಗೆ ಕಿವಿಯಲ್ಲಿ ಒಂದು ಸಣ್ಣ ಕಸಿವಿಸಿ. ಆಮೇಲೆ, ಬಾಸ್ ಗಿಟಾರ್ ಸಿ ಗೆ ಬರುವ ಅದೇ ಕ್ಷಣಕ್ಕೆ, ಎರಡನೇ ಪೆಡಲ್. ಬಿ ಸ್ವರ ಸಿ ಆಗುತ್ತದೆ, ಎಲ್ಲ ಸರಿಹೋಗುತ್ತದೆ. ಮೀಟಿದ್ದು ಒಂದೇ ಸಲ. ಬಾರ್ ಸರಿದೇ ಇಲ್ಲ. ಮೊದಲ ಪೆಡಲ್ ಎಷ್ಟು ನಿಧಾನ ಹೋಗಬೇಕು, ಎರಡನೆಯದು ಎಷ್ಟು ಕಾಯಬೇಕು, ಎಲ್ಲ ಅದರಲ್ಲೇ ಇದೆ. ಅವಸರದ ಕಾಲು ಎರಡನ್ನೂ ‘ಟಕ್’ ಅಂತ ಒತ್ತಿಬಿಡುತ್ತದೆ. ನೀವು ಹೇಳಿದ ಆ ನಾಲ್ಕು ಸ್ವರ ಬಹುಶಃ ಈ ಬಗೆಯದ್ದೇ.

ಎಮನ್ಸ್ 1957ರಲ್ಲಿ ಶಾಟ್ ಜಾಕ್ಸನ್ ಜೊತೆ ಸ್ಟೀಲ್ ಗಿಟಾರ್ ಮಾಡುವ ಶೋ-ಬಡ್ ಕಂಪನಿ ಕಟ್ಟಿದರು. 1962ರ ಹೊತ್ತಿಗೆ ಇ-ನೈನ್ತ್‌ಗೆ ಇನ್ನೆರಡು ತಂತಿ ಸೇರಿಸಿದರು. ಇವತ್ತು ಎಲ್ಲರ ವಾದ್ಯದಲ್ಲೂ ಅವು ಇವೆ. ಆಮೇಲೆ ತಮ್ಮದೇ ಹೆಸರಿನಲ್ಲಿ ವಾದ್ಯ ಮಾಡುವ ಕಂಪನಿಯನ್ನೂ ಶುರುಮಾಡಿದರು. 1963ರಲ್ಲಿ ನ್ಯೂಯಾರ್ಕ್‌ನ ಜಾಝ್ ಕಲಾವಿದರ ಜೊತೆ ಕೂತು ಒಂದು ಇಡೀ ಜಾಝ್ ಆಲ್ಬಂ ಮಾಡಿದರು. ಇಷ್ಟೆಲ್ಲ ಓಡಬಲ್ಲ ಕೈ, ರೇ ಪ್ರೈಸ್ ಹಾಡುವಾಗ ಹಿಂದೆ ಎರಡು ಸ್ವರ ಇಟ್ಟು ಸುಮ್ಮನಾಗುತ್ತಿತ್ತು. ನನಗೆ ಅವರ ಜಾಝ್‌ಗಿಂತ ಅದೇ ಜಾಸ್ತಿ ಇಷ್ಟ. ಜಾಝ್ ಪ್ರಿಯರು ಒಪ್ಪಲಿಕ್ಕಿಲ್ಲ.

ಹಳೇ ಕಂಟ್ರಿಯಲ್ಲಿ ಸ್ಟೀಲ್ ಇರುವುದೇ ಹಾಡುವವರಿಗಾಗಿ. ನಮ್ಮ ಕಚೇರಿಯ ಪಕ್ಕವಾದ್ಯದವರ ಹಾಗೆ ಅಂದರೆ ನಿಮಗೆ ಹತ್ತಿರವಾಗಬಹುದು, ಒಂದು ವ್ಯತ್ಯಾಸ ಬಿಟ್ಟು. ನಮ್ಮ ಪಿಟೀಲಿನವರು ಹಾಡುವವರ ಜೊತೆಗೇ ನೆರಳಿನ ಹಾಗೆ ಹೋಗುತ್ತಾರೆ. ಇಲ್ಲಿ ಮಾತು ಬರುತ್ತಿರುವಾಗ ಸ್ಟೀಲ್ ದಾರಿ ಬಿಟ್ಟು ನಿಲ್ಲಬೇಕು. ಸಾಲು ಮುಗಿದು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಒಳಗೆ ಬರಬೇಕು, ಮುಂದಿನ ಮಾತಿನ ಮೊದಲ ಅಕ್ಷರಕ್ಕೆ ಮೊದಲೇ ಹೊರಗೆ ಹೋಗಿರಬೇಕು. ಅದಕ್ಕೆ ಫಿಲ್ ಅನ್ನುತ್ತಾರೆ. ನ್ಯಾಶ್‌ವಿಲ್ ಸ್ಟುಡಿಯೋಗಳಲ್ಲಿ ಇದನ್ನು ಹಂಚಿಕೊಳ್ಳುವುದು ರೂಢಿ. ಮೊದಲ ಚರಣದ ಖಾಲಿ ಜಾಗ ಸ್ಟೀಲ್‌ಗೆ ಅಂತಾದರೆ ಎರಡನೆಯದು ಪಿಟೀಲಿಗೋ ಪಿಯಾನೋಗೋ ಹೋಗುತ್ತದೆ. ತನ್ನ ಸರದಿ ಅಲ್ಲದಾಗ ಕೈ ತೊಡೆಯ ಮೇಲಿರಬೇಕು. ಡ್ಯಾನ್ಸ್ ಹಾಲ್‌ನಲ್ಲಿ ಇದನ್ನೂ ನೋಡಿ. ನಿಮ್ಮ ಹಿರಿಯರು ಎಷ್ಟು ಹೊತ್ತು ಏನನ್ನೂ ನುಡಿಸದೆ ಕೂತಿರುತ್ತಾರೆ?

ಈ ಶಿಸ್ತಿನಲ್ಲಿ ಪಳಗಿದವರು ಲಾಯ್ಡ್ ಗ್ರೀನ್. 1937ರಲ್ಲಿ ಹುಟ್ಟಿದವರು, ಬೆಳೆದದ್ದು ಅಲಬಾಮಾದ ಮೊಬೀಲ್‌ನಲ್ಲಿ. ಚಾರ್ಲಿ ಪ್ರೈಡ್, ಡಾನ್ ವಿಲಿಯಮ್ಸ್ ರೆಕಾರ್ಡ್‌ಗಳಲ್ಲಿ ಅವರ ಸ್ಟೀಲ್ ಕೇಳಿಸುತ್ತದೆ. 1968ರಲ್ಲಿ ಬರ್ಡ್ಸ್ ಎಂಬ ರಾಕ್ ತಂಡ ಕಂಟ್ರಿ ಆಲ್ಬಂ ಮಾಡಲು ನ್ಯಾಶ್‌ವಿಲ್‌ಗೆ ಬಂತು. ಗ್ರೀನ್ ರೂಢಿಯಂತೆ ಎಲ್ಲೆಲ್ಲಿ ಫಿಲ್ ಬೇಕು ಅಂತ ಕೇಳಿದರಂತೆ. ಎಲ್ಲ ಕಡೆಯೂ ನುಡಿಸಿ ಅಂದರಂತೆ ಹುಡುಗರು. ‘ಸ್ವೀಟ್‌ಹಾರ್ಟ್ ಆಫ್ ದ ರೋಡಿಯೋ’ದ ಮೊದಲ ಹಾಡಿನಲ್ಲಿ ಅದು ಕೇಳಿಸುತ್ತದೆ. ಸ್ಟೀಲ್ ಹಾಡಿನುದ್ದಕ್ಕೂ ಅಡ್ಡಾಡುತ್ತದೆ, ಆದರೂ ಮಾತಿನ ಮೇಲೆ ಬೀಳುವುದಿಲ್ಲ. ಅಭ್ಯಾಸ ಎಲ್ಲಿ ಹೋಗುತ್ತದೆ.

ಒಂದೇ ಒಂದು ಹಾಡು ಹೇಳಿ ಅಂದರೆ ನಾನು ಬಕ್ ಓವೆನ್ಸ್ ಅವರ 1964ರ ‘ಟುಗೆದರ್ ಅಗೇನ್’ ಹೇಳುತ್ತೇನೆ. ಅದರ ನಡುವೆ ಟಾಮ್ ಬ್ರಮ್ಲಿ ನುಡಿಸಿದ ಭಾಗ ಸ್ಟೀಲ್ ಕಲಿಯುವವರಿಗೆಲ್ಲ ಪಾಠ. ಹಾಡಿನ ಮಾತು ಮತ್ತೆ ಒಂದಾದ ಪ್ರೇಮಿಗಳ ಸಂತೋಷದ್ದು, ಧಾಟಿ ಮಾತ್ರ ದುಃಖದ್ದು. ಬ್ರಮ್ಲಿ ಯಾವ ಕಡೆಗೂ ವಾಲುವುದಿಲ್ಲ. ಓಟ ಒಂದೂ ಇಲ್ಲ. ಮೂಲ ಧಾಟಿಯನ್ನು ಬಿಟ್ಟು ದೂರ ಹೋಗುವುದೂ ಇಲ್ಲ. ಒಂದು ಸ್ವರಗುಚ್ಛ ಪೂರ್ತಿ ಅರಳುವವರೆಗೆ ಕಾಯುತ್ತಾರೆ, ಆಮೇಲೆ ಇನ್ನೊಂದು. ಮೂರು ಸಲ ಕೇಳಿ. ಮೊದಲ ಸಲ ಹಾಡಿಗಾಗಿ. ಎರಡನೇ ಸಲ ಪೆಡಲ್ ಯಾವಾಗ ಇಳಿಯಿತು, ಯಾವಾಗ ಎದ್ದಿತು ಅಂತ ಮಾತ್ರ. ಮೂರನೇ ಸಲ ಸ್ವರಗಳು ಎಲ್ಲಿ ನಿಂತವು ಅಂತ. ಮೂರನೆಯದು ಬಲಗೈ ಕೆಲಸ, ಅದು ಕೇಳಿಸತೊಡಗಿದರೆ ನಿಮ್ಮ ಕಿವಿ ಸಿದ್ಧವಾಯಿತು.

ಹಳೇ ಕಂಟ್ರಿ ಅಂದರೆ ಪೆಡಲ್ ಇರಲೇಬೇಕು ಅಂತ ಮಾತ್ರ ತಿಳಿಯಬೇಡಿ. ಹ್ಯಾಂಕ್ ವಿಲಿಯಮ್ಸ್ ರೆಕಾರ್ಡ್‌ಗಳಲ್ಲಿ ಡಾನ್ ಹೆಲ್ಮ್ಸ್ ನುಡಿಸಿದ್ದು ಪೆಡಲ್ ಇಲ್ಲದ ಸ್ಟೀಲ್. ಎತ್ತರದ ಸ್ವರಗಳಲ್ಲಿ ಚುಚ್ಚುವ ಆ ನಾದಕ್ಕೆ ಪೆಡಲ್ ಬೇಕಾಗಿಯೂ ಇರಲಿಲ್ಲ.

ವಿರಾಮದಲ್ಲಿ ಹೋಗಿ ನಿಮ್ಮ ಹಿರಿಯರನ್ನು ಮಾತಾಡಿಸಿ. ಸ್ಟೀಲ್‌ನವರು ಮಾತಿಗೆ ಸಿಗುವ ಜನ. ಅವರು ಶ್ರುತಿ ಮಾಡಿಕೊಳ್ಳುತ್ತಿದ್ದರೆ, ಅಥವಾ ಮೂರನೇ ತಂತಿ ಬದಲಿಸುತ್ತಿದ್ದರೆ ಸ್ವಲ್ಪ ಕಾಯಿರಿ. ಆ ತಂತಿ ಬಹಳ ಸಣ್ಣದು, ಪೆಡಲ್ ಒತ್ತಿ ಒತ್ತಿ ಅದೇ ಹೆಚ್ಚಾಗಿ ತುಂಡಾಗುವುದು. ‘ಎಷ್ಟು ವರ್ಷದಿಂದ ನುಡಿಸುತ್ತಿದ್ದೀರಿ’ ಅಂತ ಎಲ್ಲರೂ ಕೇಳುತ್ತಾರೆ. ನೀವು ‘ನಿಮ್ಮದು ಎಮನ್ಸ್ ಸೆಟಪ್ಪಾ, ಡೇ ಸೆಟಪ್ಪಾ’ ಅಂತ ಕೇಳಿ. ಮೂರು ಪೆಡಲ್‌ಗೂ ಎ, ಬಿ, ಸಿ ಅಂತ ಹೆಸರು, ಸ್ವರದ ಹೆಸರಲ್ಲ. ಎಮನ್ಸ್ ಜೋಡಣೆಯಲ್ಲಿ ಅವು ಎಡದಿಂದ ಎ, ಬಿ, ಸಿ ಅಂತ ಇರುತ್ತವೆ. ಜಿಮ್ಮಿ ಡೇ ಎಂಬ ವಾದಕರ ಜೋಡಣೆಯಲ್ಲಿ ಅದು ಸಿ, ಬಿ, ಎ. ತಮ್ಮದು ಯಾವುದು, ಇನ್ನೊಂದು ಯಾಕೆ ತಪ್ಪು ಅಂತ ಅವರು ವಿವರಿಸಲು ಶುರುಮಾಡುತ್ತಾರೆ. ಕಾಫಿ ಮೊದಲೇ ತಂದಿಟ್ಟುಕೊಂಡಿರಿ.